ಹತ್ತು ಸಾವಿರದ ಎಂಬತ್ತು

ಆ ಒಂದು ಹಿಂಗಾರಿನಲ್ಲಿ ನಮ್ಮೂರಲ್ಲಿ ತಹಶೀಲ್ದಾರರಿಗಿಂತ ಹೆಚ್ಚಿನ ಮರ್ಯಾದೆ ಪಡೆದದ್ದು ಒಂದು ಸಂಖ್ಯೆ. ಹತ್ತು ಸಾವಿರದ ಎಂಬತ್ತು. ಅದರ ಹೆಸರು ಹೇಳುವಾಗ ಕೆಲವರು ತಲೆಯ ರುಮಾಲು ಸರಿ ಮಾಡಿಕೊಳ್ಳುತ್ತಿದ್ದರು. ಸುಳ್ಳೇಕೆ ಹೇಳಲಿ, ಒಂದೆರಡು ಸಲ ನಾನೂ ಮಾಡಿಕೊಂಡಿದ್ದೇನೆ.

ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರನಿಗೆ ಎರಡು ಸಲ ಹೇಳಿದರೆ ಮಾತ್ರ ನಿಲ್ಲುವ ಊರು ನಮ್ಮದು. ಯಾದಗಿರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಕಾಲುವೆ ಬಂದು ನಾಲ್ಕೈದು ವರ್ಷವಾಗಿತ್ತು. ಅದಕ್ಕೆ ಮುಂಚೆ ನಮಗೆ ಗೊತ್ತಿದ್ದ ಹೊತ್ತು ಅಂದರೆ ಮುಂಜಾನೆ, ಮಧ್ಯಾಹ್ನ, ಸಂಜೆ ಮತ್ತು ಬಸ್ಸು. ಕಾಲುವೆಯ ಜೊತೆಗೆ ಊರಿಗೆ ನಿಮಿಷವೂ ಬಂತು.

ಹದಿನಾಲ್ಕನೆಯ ತೂಬಿನ ಕೆಳಗೆ ನಾವು ಹತ್ತು ಮಂದಿ. ಒಬ್ಬೊಬ್ಬರದು ನಾಲ್ಕು ಎಕರೆ. ತೂಬಿಗೆ ಹತ್ತಿಕೊಂಡು ಇರುವ ಮೊದಲನೆಯ ಹೊಲ ಕಿರಾಣಿ ಅಂಗಡಿಯ ಲಿಂಗಣ್ಣ ಸಾವ್ಕಾರನದು, ಹೊಲಗಾಲುವೆಯ ತುದಿಯಲ್ಲಿರುವ ಹತ್ತನೆಯದು ಸಾಬಣ್ಣ ಅನ್ನುವ ನನ್ನದು. ಮೊದಲ ವರ್ಷ ನಾವು ಸಲಿಕೆ ಹಿಡಿದು ನೀರು ಹಂಚಿಕೊಂಡೆವು. ಅಂದರೆ ಯಾರ ಸಲಿಕೆ ಉದ್ದವೋ ಅವರಿಗೆ ನೀರು. ಎರಡು ತಲೆ ಒಡೆದ ಮೇಲೆ ಕಾಲುವೆ ಆಫೀಸಿನವರು ಬಂದು, ಇನ್ನು ವಾರಾಬಂದಿ ಮಾಡಿಕೊಳ್ಳಿ ಎಂದರು. ವಾರದ ಏಳೂ ದಿನವನ್ನು ನಿಮಿಷಕ್ಕೆ ಸರಿಯಾಗಿ ಪಾಲು ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಪಾಳಿ ಬರೆದಿಟ್ಟುಕೊಳ್ಳುವುದು. ಪಾಲು ಹಾಕುವವನು ನಂಬಿಕಸ್ಥ ಆಗಿರಬೇಕು. ಊರಲ್ಲಿ ಲೆಕ್ಕ ಬಲ್ಲವರೊಳಗೆ ಒಂದು ಗುಂಟೆಯೂ ಹೊಲವಿಲ್ಲದ, ಹಾಗಾಗಿ ಮೋಸ ಮಾಡಲು ಕಾರಣವೂ ಇಲ್ಲದ ಒಬ್ಬರೇ ಒಬ್ಬರೆಂದರೆ ನೀಲಕಂಠ ಮಾಸ್ತರರು. ಸುರಪುರದ ಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ, ಆಗತಾನೆ ರಿಟೈರಾಗಿ, ಹೆಂಡತಿ ಪಾರ್ವತಿಬಾಯಿಗೆ ಅಡುಗೆ ಕಲಿಸಲು ಶುರು ಮಾಡಿದ್ದರು. ನಾವು ಪಾಳಿ ವಹಿ ಕೊಟ್ಟು ಬರೆಯಿರಿ ಅಂದಾಗ ಮಾಸ್ತರರಿಗಿಂತ ಹೆಚ್ಚು ಖುಷಿಪಟ್ಟದ್ದು ಪಾರ್ವತಿಬಾಯಿ.

ಮಾಸ್ತರರು ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಮಕ್ತುಂಬಿಯ ಚಹಾದ ಅಂಗಡಿಗೆ ಬಂದಾಗ ಅವರ ಮುಖದಲ್ಲಿ ತಿಂಥಣಿಗೆ ಹೋಗಿ ಮೌನೇಶ್ವರನ ದರ್ಶನ ಮಾಡಿ ಬಂದವರ ಕಳೆ ಇತ್ತು. ವಾರಕ್ಕೆ ದಿನ ಏಳು, ದಿನಕ್ಕೆ ತಾಸು ಇಪ್ಪತ್ನಾಲ್ಕು, ತಾಸಿಗೆ ನಿಮಿಷ ಅರವತ್ತು. ಗುಣಿಸಿದರೆ ಹತ್ತು ಸಾವಿರದ ಎಂಬತ್ತು. ಇಷ್ಟು ಕೇಳಿ ನಾವು ಚಹಾ ಮುಗಿಸಿ ಏಳುವವರಿದ್ದೆವು. ಮಾಸ್ತರರು ಕೈ ಎತ್ತಿ ಕೂರಿಸಿದರು. ಇಬ್ಬರಿಗೆ ಹಂಚಿದರೆ ಐದು ಸಾವಿರದ ನಲವತ್ತು, ಮೂವರಿಗೆ ಮೂರು ಸಾವಿರದ ಮುನ್ನೂರ ಅರವತ್ತು, ನಾಲ್ವರಿಗೆ ಎರಡು ಸಾವಿರದ ಐನೂರ ಇಪ್ಪತ್ತು. ಹೀಗೆ ಐದು, ಆರು, ಏಳು, ಎಂಟು, ಒಂಬತ್ತು, ಹತ್ತು, ಯಾರಿಗೆ ಹಂಚಿದರೂ ಕೊನೆಗೆ ಸೊನ್ನೆ. ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು ಎಪ್ಪತ್ತೆರಡು. ಒಂದರಿಂದ ಎಣಿಸುತ್ತ ಬಂದರೆ ಇಷ್ಟು ಭಾಜಕಗಳಿರುವ ಸಂಖ್ಯೆ ಇದಕ್ಕಿಂತ ಮುಂಚೆ ಒಂದೂ ಸಿಗುವುದಿಲ್ಲ. ದೇವರು ವಾರವನ್ನು ಮಾಡುವಾಗ ಹದಿನಾಲ್ಕನೆಯ ತೂಬನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದಾನೆ ಎಂದು ಮಾಸ್ತರರು ಹೇಳಿದಾಗ ನಮಗೆ ಒಳಗೊಳಗೇ ಹೆಮ್ಮೆಯಾಯಿತು. ನಮ್ಮ ಪಾಲಿಗೆ ತಲಾ ಸಾವಿರದ ಎಂಟು ನಿಮಿಷ ಬಂತು. ಮಠದ ಸ್ವಾಮಿಗಳ ಹೆಸರಿನ ಮುಂದೆ ಬರೆಯುವ ಅಂಕಿಯೇ ನಮ್ಮ ಹೊಲಕ್ಕೂ ಬಂತೆಂದು ಲಿಂಗಣ್ಣ ಎಲ್ಲರಿಗೂ ಚಹಾ ಹೇಳಿದ.

ಚಹಾದ ಜೊತೆಗೆ ಲಿಂಗಣ್ಣ ಒಂದು ಪ್ರಶ್ನೆಯನ್ನೂ ಕೇಳಿದ. ಮುಂದೆ ಅಣ್ಣತಮ್ಮಂದಿರು ಪಾಲಾಗಿ ಮಂದಿ ಹೆಚ್ಚಾದರೆ? ಹತ್ತು ಹೋಗಿ ಇನ್ನೆಷ್ಟೋ ಆದರೆ?

ಇಲ್ಲಿ ಮಾಸ್ತರರು ಸುಮ್ಮನಿರಬಹುದಿತ್ತು. ಅವರು ಹತ್ತರವರೆಗೆ ಲೆಕ್ಕ ಮಾಡಿ ನೋಡಿದ್ದರು. ಹನ್ನೆರಡನ್ನೂ ನೋಡಿದ್ದರು, ಹದಿನಾಲ್ಕು, ಹದಿನೈದು, ಹದಿನಾರನ್ನೂ ನೋಡಿದ್ದರು. ಹನ್ನೊಂದನ್ನು ನೋಡಿರಲಿಲ್ಲ. ಆಚೆಮನೆ ಈಚೆಮನೆ ಎರಡೂ ಒಳ್ಳೆಯ ಮನೆತನವಾದರೆ ನಡುವಿನ ಮನೆಯ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ಆದರೆ ಎದುರಿಗೆ ಹತ್ತು ಮಂದಿ, ಕೈಯಲ್ಲಿ ಪುಕ್ಕಟೆ ಚಹಾ.

"ಎಷ್ಟು ಮಂದಿ ಆದ್ರೂ ಅಷ್ಟೇ," ಎಂದರು ಮಾಸ್ತರರು. "ಈ ಸಂಖ್ಯಾದಾಗ ಶೇಷ ಅನ್ನೋದಿಲ್ಲ. ಉಳೀತಂದ್ರ ಅವತ್ತೇ ಈ ವಹಿ ಕಾಲುವಿಗಿ ಒಗದು ಮನಿಗಿ ಹೋಗ್ತೀನಿ."

ಎರಡು ವರ್ಷ ಯಾರೂ ಹೆಚ್ಚಾಗಲಿಲ್ಲ. ಮಾಸ್ತರರು ತಮ್ಮ ಮನೆಯ ಅಲಾರಾಂ ಗಡಿಯಾರವನ್ನು ಬಗಲಲ್ಲಿಟ್ಟುಕೊಂಡು ಹೊಲಗಾಲುವೆಯ ಬದುವಿನ ಮೇಲೆ ಓಡಾಡುತ್ತ, ಒಬ್ಬರ ಪಾಳಿ ಮುಗಿಸಿ ಇನ್ನೊಬ್ಬರದನ್ನು ಶುರು ಮಾಡಿಸುತ್ತಿದ್ದರು. ಆ ಗಡಿಯಾರಕ್ಕೂ ತನ್ನ ರೇಡಿಯೋಕ್ಕೂ ಹೊಂದಾಣಿಕೆ ಇಲ್ಲ ಎಂದು ಮಕ್ತುಂಬಿ ಒಮ್ಮೆ ಹೇಳಿದ್ದಳು. ರೇಡಿಯೋದವರು ದಿಲ್ಲಿಯಲ್ಲಿದ್ದಾರೆ, ಅವರಿಗೆ ಇಲ್ಲಿಯ ಟೈಮು ಹೇಗೆ ಗೊತ್ತಾಗಬೇಕು ಎಂದು ಮಾಸ್ತರರು ಆಕೆಯನ್ನು ಸಮಾಧಾನ ಮಾಡಿದ್ದರು.

ಮೂರನೆಯ ವರ್ಷ ಕರೆಮ್ಮ ಬಂದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತಾರೆ. ಕರೆಮ್ಮ ಊರಿಗೆ ಬಂದವಳಲ್ಲ, ಇಲ್ಲೇ ಹುಟ್ಟಿದವಳು. ನಮ್ಮ ಹತ್ತೂ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ನಲವತ್ತು ದಾಟಿದವಳು. ಯಾವ ಬದುವಿನಲ್ಲಿ ಇಲಿಯ ತೂತು ಇದೆ, ಯಾರ ಹೊಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಹೊಲದ ಮಾಲಕರಿಗಿಂತ ಆಕೆಗೆ ಚೆನ್ನಾಗಿ ಗೊತ್ತು. ಆಕೆಗೆ ನನ್ನ ಹೊಲದ ಆಚೆ, ಹಳ್ಳದ ದಂಡೆಗೆ, ಗೈರಾಣದ, ಅಂದರೆ ಸರ್ಕಾರಿ ದನಗಾವಲಿನ, ನಾಲ್ಕು ಎಕರೆ ಪಟ್ಟಾ ಆಗಿತ್ತು. ಆಫೀಸಿನವರು ಹೊಲಗಾಲುವೆಯನ್ನು ಅಲ್ಲಿಯವರೆಗೆ ಎಳೆದು, ಇವಳನ್ನೂ ಪಾಳಿಗೆ ಸೇರಿಸಿ ಎಂದು ಚೀಟಿ ಕೊಟ್ಟಿದ್ದರು. ಕೊನೆಯ ಮಳೆಯ ಹಸಿಯಲ್ಲಿ ಕರೆಮ್ಮ ಶೇಂಗಾ ಬಿತ್ತಿದ್ದಳು. ಅದು ಆಕೆಯ ಸ್ವಂತದ ಮೊದಲ ಬೆಳೆ. ಗೇಣುದ್ದ ಎದ್ದಿತ್ತು, ಇನ್ನು ಮೂರು ವಾರದೊಳಗೆ ನೀರು ಕಾಣದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

ಊರ ಮೌನೇಶ್ವರನ ಗುಡಿಯ ಕಟ್ಟೆಯ ಮೇಲೆ ಎಲ್ಲರ ಎದುರಿಗೆ ಮಾಸ್ತರರು ಚೀಟಿ ಓದಿ, ನಗುತ್ತ ಪಾಟಿ ತೆಗೆದುಕೊಂಡರು. ಹನ್ನೊಂದರಿಂದ ಭಾಗಿಸಿದರು. ನಗು ನಿಂತಿತು. ಪಾಟಿ ಒರೆಸಿ ಮತ್ತೆ ಭಾಗಿಸಿದರು. ಎದ್ದು ಹೋಗಿ ಗುಡಿಯ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದು ಮೂರನೆಯ ಸಲ ಭಾಗಿಸಿದರು. ಅವರ ಹಿಂದೆ ನಿಂತಿದ್ದ ನಮಗೆಲ್ಲ ಪಾಟಿಯ ಕೊನೆಯ ಅಂಕಿ ಚೆನ್ನಾಗಿ ಕಾಣುತ್ತಿತ್ತು.

"ಎಷ್ಟು ಬಂತ್ರಿ?" ಎಂದ ಲಿಂಗಣ್ಣ.

"ಒಂಬೈನೂರಾ ಹದಿನಾರು."

"ಉಳಿದದ್ದು?"

"ಉಳಿಯಂಗಿಲ್ಲ," ಎಂದರು ಮಾಸ್ತರರು, ನಾಲ್ಕನ್ನು ಹೆಬ್ಬೆರಳಿನಿಂದ ಮುಚ್ಚಿ.

ಆದರೆ ಊರಿನ ಕಣ್ಣಿಗೆ ನಾಲ್ಕು ಬಿದ್ದಾಗಿತ್ತು. ವಾರಕ್ಕೆ ನಾಲ್ಕು ನಿಮಿಷದ ನೀರು, ಯಾರದೂ ಅಲ್ಲದ್ದು. ನೀರು ಮೊದಲು ತನ್ನ ಹೊಲದ ಮುಂದೆ ಹಾಯುವುದರಿಂದ ಅದು ತನ್ನದೆಂದು ಲಿಂಗಣ್ಣ ವಾದಿಸಿದ. ಐದನೆಯ ಹೊಲದ ತಿಮ್ಮಣ್ಣ, ತಾನು ನಡುವಿನವನಾದ್ದರಿಂದ ಎರಡೂ ಕಡೆಯವರ ಹಕ್ಕು ತನ್ನಲ್ಲಿ ಕೂಡುತ್ತದೆ ಎಂದ. ನಾಲ್ಕು ನಿಮಿಷಕ್ಕಾಗಿ ಆ ಸಂಜೆ ಮೂರು ತಾಸು ಜಗಳವಾಯಿತು. ಅಷ್ಟು ಹೊತ್ತಿನಲ್ಲಿ ಯಾರ ಹೊಲಕ್ಕೆ ಎಷ್ಟು ನೀರು ಹೋಯಿತೋ ಯಾರೂ ನೋಡಲಿಲ್ಲ. ನನಗೂ ಒಂದು ವಿಚಾರ ಹೊಳೆದು, ವಾರಕ್ಕೊಬ್ಬರಂತೆ ನಾಲ್ಕು ನಿಮಿಷ ತೆಗೆದುಕೊಂಡರೆ ಹನ್ನೊಂದು ವಾರಕ್ಕೆ ಎಲ್ಲರಿಗೂ ಸಮ ಆಗುತ್ತದಲ್ಲ ಎಂದೆ. ಮಾಸ್ತರರು ನನ್ನನ್ನು ಶಾಲೆಯ ಕೊನೆಯ ಬೆಂಚಿನವನನ್ನು ನೋಡುವಂತೆ ನೋಡಿದರು. ಸೊನ್ನೆ ಆಗಲು ಹನ್ನೊಂದು ವಾರ ತೆಗೆದುಕೊಳ್ಳುವ ಲೆಕ್ಕಕ್ಕೆ ತಾವು ಸಹಿ ಹಾಕುವುದಿಲ್ಲ, ಇದರಲ್ಲಿ ಏನೋ ಗುಟ್ಟಿದೆ, ವಿಚಾರ ಮಾಡಲು ಸಮಯ ಬೇಕು ಎಂದರು. ಅಲ್ಲಿಯತನಕ ಹಳೆಯ ಪಾಳಿಯೇ ನಡೆಯಲಿ ಎಂದು ಲಿಂಗಣ್ಣ ಹೇಳಿದ್ದು ನಮಗೆಲ್ಲ ಒಳ್ಳೆಯ ಮಾತೆನಿಸಿತು. ಹಳೆಯ ಪಾಳಿಯಲ್ಲಿ ಕರೆಮ್ಮ ಇರಲಿಲ್ಲ.

ಒಂದು ವಾರ ಹೋಯಿತು. ಕರೆಮ್ಮ ದಿನಾ ಮುಂಜಾನೆ ಮಾಸ್ತರರ ಬಾಗಿಲಿಗೆ ಬಂದು, ಲೆಕ್ಕ ಆಯಿತೇನ್ರಿ ಎಂದು ಕೇಳಿ ಹೋಗುತ್ತಿದ್ದಳು. ಮಾಸ್ತರರು ಹನ್ನೊಂದರ ಮೇಲೆ ಹಗೆ ಸಾಧಿಸಲು ಶುರು ಮಾಡಿದ್ದರು. ರೊಟ್ಟಿ ಹನ್ನೊಂದಾದರೆ ಒಂದನ್ನು ನಾಯಿಗೆ ಹಾಕಬೇಕೆಂದು ಮನೆಯಲ್ಲಿ ಹುಕುಂ ಆಯಿತು. ಪಾರ್ವತಿಬಾಯಿ ಮೊದಲೆರಡು ದಿನ ಹಾಕಿದಳು. ಮೂರನೆಯ ದಿನ ಗಂಡನ ಪಾಲಿನ ರೊಟ್ಟಿಯನ್ನೇ ಹಾಕಿ ಶೇಷ ತೀರಿಸಿದಳು. ಊರಿನ ಹೆಣ್ಣುಮಕ್ಕಳು ದೇವರಿಗೆ ಹನ್ನೊಂದು ಕಾಯಿಯ ಹರಕೆ ಹೊರುವುದನ್ನು ಬಿಟ್ಟು ಹನ್ನೆರಡು ಹೊರತೊಡಗಿದರು. ಲಿಂಗಣ್ಣ ಮಾತ್ರ ಅಂಗಡಿಗೆ ಬಂದವರಿಗೆಲ್ಲ, ಕರೆಮ್ಮನನ್ನು ಬೇಡ ಅಂದದ್ದು ತಾನಲ್ಲ, ಹತ್ತು ಸಾವಿರದ ಎಂಬತ್ತು, ಅದರ ಮುಂದೆ ತನ್ನದೇನು ನಡೆಯುತ್ತದೆ ಎಂದು ಬೆಲ್ಲ ತೂಗುತ್ತ ಹೇಳುತ್ತಿದ್ದ. ಒಂದು ಸಂಖ್ಯೆಯ ಹಿಂದೆ ಹತ್ತು ಮಂದಿ ಅಡಗಿಕೊಂಡು ನಿಲ್ಲಬಹುದೆಂದು ನನಗೆ ಆಗ ಗೊತ್ತಾಯಿತು. ಹತ್ತರಲ್ಲಿ ನಾನೂ ಒಬ್ಬ.

ಎರಡನೆಯ ವಾರವೂ ಹೋಯಿತು. ಅಷ್ಟರಲ್ಲಿ ತಿಮ್ಮಣ್ಣನ ಹೊಲದಲ್ಲಿ ತೊಗರಿ ರಾಶಿಯಾಯಿತು. ನಮ್ಮ ಕಡೆ ರಾಶಿ ಅಳೆಯುವ ಮೊದಲು ದೇವರ ಪಾಲು ತೆಗೆದಿಡುತ್ತಾರೆ. ತಿಮ್ಮಣ್ಣ ನಾಲ್ಕು ಸೇರು ತೊಗರಿಯನ್ನು ಮೌನೇಶ್ವರನಿಗೆಂದು ಬೇರೆ ಮಾಡಿದ. ಬದುವಿನ ಮೇಲೆ ಕೂತು ನೋಡುತ್ತಿದ್ದ ಮಾಸ್ತರರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಊರಿಗೆ ಓಡಿದರು.

ಹನ್ನೊಂದು ಕೆಟ್ಟದ್ದು, ಹನ್ನೆರಡು ಒಳ್ಳೆಯದು. ಹಾಗಾದರೆ ಹನ್ನೆರಡನೆಯ ಪಾಲುದಾರ ಬೇಕು. ಜಗಳವಾಡದ, ಮುಂದೆ ಪಾಲು ಕೇಳಿ ಒಡೆಯದ, ಮಕ್ಕಳುಮರಿ ಹೆಚ್ಚಾಗದ ಪಾಲುದಾರ ಊರಲ್ಲಿ ಒಬ್ಬನೇ. ಹೊಲಕ್ಕೆ ದೇವರ ಪಾಲು ಇದೆ, ರಾಶಿಗೆ ಇದೆ, ನೀರಿಗೆ ಯಾಕಿಲ್ಲ? ಮಾಸ್ತರರು ಕಟ್ಟೆಯ ಮೇಲೆ ನಿಂತು ಲೆಕ್ಕ ಒಪ್ಪಿಸಿದರು. ತಲಾ ಎಂಟುನೂರ ನಲವತ್ತು ನಿಮಿಷ, ಅಂದರೆ ಸರಿಯಾಗಿ ಹದಿನಾಲ್ಕು ತಾಸು, ತೂಬಿನ ನಂಬರೂ ಹದಿನಾಲ್ಕು. ನಮ್ಮ ಹಳೆಯ ಪಾಲಿನಲ್ಲಿ ಕಡಿಮೆಯಾಗುವುದು ನೂರ ಅರವತ್ತೆಂಟು ನಿಮಿಷ, ವಾರಕ್ಕಿರುವ ತಾಸುಗಳೂ ನೂರ ಅರವತ್ತೆಂಟು. ಇದರಿಂದ ಏನು ಸಾಬೀತಾಯಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಕೇಳಿದವರೆಲ್ಲ ಕೈ ಮುಗಿದರು. ಕರೆಮ್ಮನಿಗೆ ನೀರು ಬಿಡಲು ಒಪ್ಪದಿದ್ದ ಲಿಂಗಣ್ಣ ಕೂಡ ದೇವರಿಗೆ ಒಲ್ಲೆ ಎನ್ನಲಾರದೆ ಕೈ ಮುಗಿದ. ದೇವರ ಪಾಳಿಯನ್ನು ನೋಡಿಕೊಳ್ಳುವ ಕೆಲಸ ಪೂಜಾರಿ ಮೌನಪ್ಪನಿಗೆ ಬಂತು.

ಕರೆಮ್ಮ ಮಾತ್ರ ಒಂದು ಮಾತು ಕೇಳಿದಳು. ದೇವರ ಹೊಲ ಎಲ್ಲಿದೆ?

ಅದು ಆಮೇಲೆ ನೋಡೋಣ ಎಂದರು ಮಾಸ್ತರರು.

ಸೋಮವಾರ ಮುಂಜಾನೆ ಆರಕ್ಕೆ ಹೊಸ ಪಾಳಿ ಲಿಂಗಣ್ಣನಿಂದ ಶುರುವಾಯಿತು. ಸರತಿಯಂತೆ ಇಳಿದು ಇಳಿದು ರವಿವಾರ ಕರೆಮ್ಮನ ಪಾಳಿ ಬಂದು, ಸಂಜೆ ನಾಲ್ಕಕ್ಕೆ ಮುಗಿಯಿತು. ಆಕೆಯ ಶೇಂಗಾ ಮೂರು ವಾರದ ಬಾಯಾರಿಕೆ ಕಳೆದುಕೊಂಡು ತಲೆ ಎತ್ತಿತು. ನಾಲ್ಕು ಗಂಟೆಗೆ ಮೌನಪ್ಪ ಮಡಿಯುಟ್ಟು ತೂಬಿಗೆ ಬಂದು, ಕಾಯಿ ಒಡೆದು, ಊದುಬತ್ತಿ ಹಚ್ಚಿ, ದೇವರ ಪಾಳಿ ಶುರುವಾಯಿತು ಎಂದು ಹೇಳಿ ಮನೆಗೆ ಹೋದ. ನೀರನ್ನು ಯಾವ ಕಡೆ ತಿರುಗಿಸಬೇಕೆಂದು ಕೇಳಿದ್ದಕ್ಕೆ, ದೇವರಿಗೆ ದಾರಿ ತೋರಿಸಲು ನಾನ್ಯಾರು ಎಂದ.

ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಅನ್ನುತ್ತಾರೆ. ಇಲ್ಲಿ ಪೂಜಾರಿ ತೂಬಿನ ಬಾಯಿ ತುಂಬ ಕೊಟ್ಟ, ಇಸಿದುಕೊಳ್ಳುವವರೇ ಇರಲಿಲ್ಲ. ದೇವರ ನೀರನ್ನು ತಮ್ಮ ಹೊಲಕ್ಕೆ ತಿರುಗಿಸಿಕೊಳ್ಳುವ ಧೈರ್ಯವಾಗಲಿ, ದೇವರ ಪಾಳಿಯಲ್ಲಿ ತೂಬು ಮುಚ್ಚುವ ಧೈರ್ಯವಾಗಲಿ ಯಾರಿಗೂ ಆಗಲಿಲ್ಲ. ಲಿಂಗಣ್ಣ ಮಾತ್ರ ಪ್ರಸಾದವೆಂದು ಅರ್ಧ ತಾಸು ತಿರುಗಿಸಿಕೊಂಡನಂತೆ. ಮರುದಿನ ಅವನ ಎಮ್ಮೆಯ ಕಾಲು ಬಾತು, ಆ ಪ್ರಯೋಗ ಅಲ್ಲಿಗೇ ನಿಂತಿತು. ಹತ್ತೂ ಹೊಲದ ಬಾಯಿ ಮುಚ್ಚಿದ ಮೇಲೆ ನೀರು ಇಳಿಜಾರು ಹಿಡಿದು ಹೊಲಗಾಲುವೆಯ ತುದಿಗೆ ಹೋಯಿತು. ತುದಿಯಲ್ಲಿದ್ದದ್ದು ಕರೆಮ್ಮ. ಆಕೆ ತನ್ನ ಹೊಲದ ಬಾಯಿ ಮುಚ್ಚಿದರೆ ನೀರು ಹಿಂದಕ್ಕೆ ಒತ್ತಿ ನನ್ನ ಬದು ಒಡೆಯುತ್ತಿತ್ತು. ಆಕೆ ಮುಚ್ಚಲಿಲ್ಲ. ಹಳ್ಳಕ್ಕೆ ಹೋಗಬೇಕಾದರೂ ನೀರು ಆಕೆಯ ಶೇಂಗಾದ ಮೇಲೆಯೇ ಹಾಯಬೇಕು. ಸೋಮವಾರ ಮುಂಜಾನೆ ನಾನು ಹೋಗಿ ನೋಡಿದಾಗ ಹೊಲ ಕೆರೆಯಾಗಿತ್ತು. ಕರೆಮ್ಮ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಹಳ್ಳದ ಕಡೆ ಕಾಲುವೆ ತೋಡುತ್ತಿದ್ದಳು. ನನ್ನ ಬದು ಉಳಿದಿತ್ತು. ನಾನು ಸುಮ್ಮನೆ ಸಲಿಕೆ ತೆಗೆದುಕೊಂಡು ಇಳಿದೆ.

ಎರಡನೆಯ ರವಿವಾರವೂ ಹಾಗೇ ಆಯಿತು. ಶೇಂಗಾದ ಎಲೆ ಹಳದಿಗೆ ತಿರುಗಿತು. ನೀರಿಲ್ಲದೆ ಸಾಯಬೇಕಿದ್ದ ಬೆಳೆ ಈಗ ನೀರು ಕುಡಿದು ಸಾಯಲು ತಯಾರಾಗಿತ್ತು. ಆದರೆ ಊರು ನೋಡಿದ್ದು ಅದನ್ನಲ್ಲ. ಮೌನೇಶ್ವರ ತನ್ನ ನೀರನ್ನೆಲ್ಲ ಕರೆಮ್ಮನ ಹೊಲಕ್ಕೆ ಕಳಿಸಿದ್ದಾನೆ, ಅಂದಮೇಲೆ ಅಲ್ಲಿ ಏನೋ ಇದೆ ಎಂದು ಸುದ್ದಿಯಾಯಿತು. ರಾಮಸಮುದ್ರದಿಂದ ಒಂದು ಟ್ರ್ಯಾಕ್ಟರ್ ಮಂದಿ ಬಂದರು. ಖಾಸಿಂಬೀ ಎಂಬ ಮುದುಕಿ ಸುರಪುರದಿಂದ ಮೊಮ್ಮಗಳನ್ನು ಕರೆದುಕೊಂಡು ಬಂದು ಸಕ್ಕರೆ ಹಂಚಿ ಹೋದಳು. ಬದುವಿನ ಒಂದು ಕಲ್ಲಿಗೆ ಕುಂಕುಮ ಬಿತ್ತು. ಬಂದವರು ಭಕ್ತಿಯಿಂದ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಶೇಂಗಾ ತುಳಿದುಕೊಂಡು ಹೋಗಿ ಕೈ ಮುಗಿದರು. ಕರೆಮ್ಮ ಅವರನ್ನು ಬದುವಿನ ಮೇಲೆ ನಡೆಯಿರಿ ಎಂದು ಬೇಡಿಕೊಂಡರೆ, ಅವರು ಆಕೆಯ ಕಾಲಿಗೂ ಕೈ ಮುಗಿದು ಮತ್ತೆ ಶೇಂಗಾದೊಳಗೆ ಇಳಿಯುತ್ತಿದ್ದರು.

ಇದನ್ನು ನೋಡಲಾರದೆ ಲಿಂಗಣ್ಣ ಕಾಲುವೆ ಆಫೀಸಿಗೆ ಅರ್ಜಿ ಬರೆದ. ದೇವರ ಹದಿನಾಲ್ಕು ತಾಸು ನೀರನ್ನು ಕರೆಮ್ಮ ಕದಿಯುತ್ತಿದ್ದಾಳೆ, ಆಕೆಯ ಪಾಳಿ ರದ್ದು ಮಾಡಬೇಕು. ಅರ್ಜಿಯ ಕೆಳಗೆ ಎಂಟು ಸಹಿ ಇದ್ದವು. ಮಾಡದ ಒಂಬತ್ತನೆಯ ಸಹಿ ತಿಮ್ಮಣ್ಣನದು, ಅವನು ಯಾದಗಿರಿಗೆ ಹೋಗಿದ್ದ. ಹತ್ತನೆಯದು ನನ್ನದು, ನಾನು ಊರಲ್ಲೇ ಇದ್ದೆ.

ಜೂನಿಯರ್ ಇಂಜಿನಿಯರ್ ಬಸವಂತ್ರಾಯ ಜೀಪಿನಲ್ಲಿ ಬಂದು, ಕರೆಮ್ಮನ ಬದುವಿನ ಮೇಲೇ ಕುರ್ಚಿ ಹಾಕಿಸಿಕೊಂಡು ಕೂತ. ಮಿತಭಾಷಿ ಮನುಷ್ಯ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯುವ ಅಭ್ಯಾಸ. ಮಾಸ್ತರರು ಪಾಳಿ ವಹಿ ಮುಂದಿಟ್ಟರು. ಅವನು ಹನ್ನೊಂದು ಹೆಸರು ಓದಿ ಹನ್ನೆರಡನೆಯದಕ್ಕೆ ನಿಂತ.

"ಇವ್ರ ಸರ್ವೆ ನಂಬರ್?"

ಮೌನಪ್ಪ ಮುಂದೆ ಬಂದ. "ದೇವ್ರು ಎಲ್ಲಾ ಕಡಿ ಅದಾನ್ರಿ ಸಾಹೇಬ್ರ."

"ಹಂಗಾರ ಎಲ್ಲಾ ಸರ್ವೆ ನಂಬರ್ ಬರದು ಕೊಡ್ರಿ," ಎಂದ ಬಸವಂತ್ರಾಯ, ಪೆನ್ನಿನ ಮುಚ್ಚಳ ತೆಗೆದು ಕಾಯುತ್ತ.

ಯಾರೂ ಬರೆದುಕೊಡಲಿಲ್ಲ. ಆಮೇಲೆ ಲಿಂಗಣ್ಣ ಅರ್ಧ ತಾಸು ಮಾತಾಡಿದ. ಸಂಖ್ಯೆ, ಸಂಪ್ರದಾಯ, ಎಮ್ಮೆಯ ಕಾಲು ಎಲ್ಲವೂ ಬಂದವು. ಬಸವಂತ್ರಾಯ ಹಳದಿ ಶೇಂಗಾವನ್ನು ನೋಡಿ, ಕದ್ದ ನೀರು ಬೆಳೆಗೆ ಯಾಕೆ ಜೀರ್ಣವಾಗಲಿಲ್ಲ ಎಂದು ಕರೆಮ್ಮನನ್ನು ಕೇಳಿದ.

ಕರೆಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದಳು. "ನನಗ ದೇವ್ರ ನೀರು ಬ್ಯಾಡ್ರಿ ಸಾಹೇಬ್ರ. ನನ್ನ ನೀರು ಕೊಡ್ರಿ, ಸಾಕು."

ನನಗೆ ಅವತ್ತು ನಾಚಿಕೆಯಾಯಿತು, ಅದನ್ನು ಹೇಳಿಬಿಡುತ್ತೇನೆ. ಬಸವಂತ್ರಾಯ ವಹಿಯಲ್ಲಿ ಹನ್ನೆರಡನೆಯ ಹೆಸರಿನ ಮೇಲೆ ಗೆರೆ ಎಳೆಯದೆ, ಅದರ ಸುತ್ತ ಮರ್ಯಾದೆಯಿಂದ ಒಂದು ಚೌಕ ಹಾಕಿ, ಇವರನ್ನು ಗೌರವ ಸದಸ್ಯರಾಗಿ ಇಟ್ಟುಕೊಳ್ಳಿ ಎಂದ. ಉಳಿದದ್ದು ಹನ್ನೊಂದು. ಎಲ್ಲರೂ ಮಾಸ್ತರರ ಕಡೆ ತಿರುಗಿದರು.

ಮಾಸ್ತರರು ಎದ್ದು ನಿಂತರು. ಅವರ ಬಾಯಿಂದ ಆ ಮಾತು ಬರಲು ಎಷ್ಟು ಹೊತ್ತಾಯಿತೆಂದರೆ, ನಾಲ್ಕು ನಿಮಿಷ ಅಲ್ಲೇ ಖರ್ಚಾಗಿರಬೇಕು.

"ಶೇಷ ಉಳೀತದ," ಎಂದರು. "ನಾಕು."

ಅಷ್ಟು ಹೇಳಿ, ವಹಿಯನ್ನು ಎತ್ತಿಕೊಂಡು, ಮಾತು ಕೊಟ್ಟಂತೆ ಅದನ್ನು ಎಸೆಯಲು ಕಾಲುವೆಯ ಕಡೆ ನಡೆದರು. ಯಾರೂ ತಡೆಯಲಿಲ್ಲ. ಮಾಸ್ತರಿಕೆಯ ಮಾತು, ತಡೆಯುವುದು ಹೇಗೆ ಎಂದು ಲಿಂಗಣ್ಣ ಪಿಸುಗುಟ್ಟಿದ. ಕರೆಮ್ಮ ಕೆಸರಿನಿಂದ ಮೇಲೆ ಬಂದು ದಾರಿಗೆ ಅಡ್ಡ ನಿಂತಳು.

"ವಹಿ ಒಗೀಬ್ಯಾಡ್ರಿ ಮಾಸ್ತರ. ನನ್ನ ಹೆಸ್ರು ಬರದದ್ದು ಅದೊಂದರಾಗ ಅದ. ಮತ್ತ ಹನ್ನೊಂದು ಮಂದಿಗಿ ಏಳು ದಿನ ಯಾಕ ಒಡೀತೀರಿ? ಹನ್ನೊಂದು ದಿನ ಇಟ್ಕೋರಿ. ಒಬ್ಬೊಬ್ರಿಗಿ ಒಂದೊಂದು ದಿನ."

ಮಾಸ್ತರರು ನಿಂತಲ್ಲೇ ನಿಂತರು. ತುಟಿ ಅಲ್ಲಾಡಿದವು, ಗುಣಾಕಾರ ನಡೆದಿತ್ತು. ಅದಕ್ಕೆ ಗುಣಾಕಾರವೇ ಬೇಕಾಗಿಲ್ಲ ಎಂದು ಅವರಿಗೆ ಹೊಳೆದದ್ದು ನನಗೆ ಅವರ ಮುಖದಲ್ಲೇ ಕಂಡಿತು. ಒಬ್ಬರಿಗೆ ಒಂದು ದಿನ, ಹೊತ್ತು ಮೂಡಿದಾಗಿನಿಂದ ಹೊತ್ತು ಮೂಡುವತನಕ. ಹಗಲೂ ಎಲ್ಲರಿಗೆ, ರಾತ್ರಿಯೂ ಎಲ್ಲರಿಗೆ.

ಹನ್ನೊಂದು ದಿನ ಕಾದರೆ ತನ್ನ ಹತ್ತಿ ಒಣಗುವುದಿಲ್ಲವೇ ಎಂದು ಲಿಂಗಣ್ಣ ತಕರಾರು ತೆಗೆದ. ವಾರಕ್ಕೊಮ್ಮೆ ಕುಡಿಸಿದ್ದಕ್ಕೇ ಅವನ ಹತ್ತಿ ಎಲೆ ಬಿಟ್ಟಿದೆ, ಕಾಯಿ ಬಿಟ್ಟಿಲ್ಲ, ಎರೆ ನೆಲಕ್ಕೆ ಹನ್ನೊಂದು ದಿನಕ್ಕೊಮ್ಮೆಯಾದರೆ ಹೆಚ್ಚೇ ಆಯಿತು ಎಂದಳು ಕರೆಮ್ಮ. ಅದನ್ನು ಪ್ರತಿ ವರ್ಷ ಬಿಡಿಸುವವಳು ಆಕೆಯೇ ಆದ್ದರಿಂದ ಲಿಂಗಣ್ಣ ಆ ತಕರಾರು ಬಿಟ್ಟ. ಆಮೇಲೆ ಅವನು ಬೆರಳೆಣಿಸಿ, ಮೊದಲಿಗೆ ಹದಿನಾರು ಚಿಲ್ಲರೆ ತಾಸು ಬರುತ್ತಿತ್ತು, ಈಗ ಇಪ್ಪತ್ನಾಲ್ಕು ಬರುತ್ತದೆ ಎಂದು ಕಂಡುಹಿಡಿದು, ಮುಖ ಅರಳಿಸಿ ಒಪ್ಪಿಕೊಂಡ. ವಾರದ ಲೆಕ್ಕಕ್ಕೆ ಅವನಿಗೆ ನಿಜವಾಗಿ ಎಷ್ಟು ಬರುತ್ತದೆಂದು ವಿವರಿಸಲು ಮಾಸ್ತರರು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ. ಮೂವತ್ತೊಂದು ವರ್ಷ ಗಣಿತ ಕಲಿಸಿದ ಮಾಸ್ತರರು ಮೊದಲ ಸಲ ಒಂದು ತಪ್ಪು ಲೆಕ್ಕವನ್ನು ತಿದ್ದದೆ ಬಿಟ್ಟರು.

ಉ‍ಳಿದದ್ದು ಆಫೀಸಿನ ನಿಯಮ. ಬಸವಂತ್ರಾಯ ಚೀಲದಿಂದ ಛಾಪಿಸಿದ ಹಾಳೆ ತೆಗೆದು, ಪಾಳಿಯು ಸಾಮಾನ್ಯವಾಗಿ ವಾರಕ್ಕೊಮ್ಮೆ ಬರತಕ್ಕದ್ದು ಎಂದು ಓದಿದ. ಎರಡನೆಯ ಸಲ ಓದುವಾಗ ಸಾಮಾನ್ಯವಾಗಿ ಎಂಬಲ್ಲಿ ಬೆರಳಿಟ್ಟ. ಇಷ್ಟು ವರ್ಷದ ನೌಕರಿಯಲ್ಲಿ ಆ ಶಬ್ದದಿಂದ ಆಗದ ಕೆಲಸ ಒಂದೂ ಇಲ್ಲ ಎಂದು ಹೇಳಿ, ಸಹಿ ಹಾಕಿ, ಹಾಳೆ ಮಡಿಚಿದ.

ಹೊಸ ಪಾಳಿ ಮೇಲಿನಿಂದ ಶುರುವಾಗಿ, ಹತ್ತನೆಯ ದಿನ ನನ್ನದಾಯಿತು. ಅಷ್ಟರಲ್ಲಿ ಕರೆಮ್ಮನ ಹೊಲದ ಕೆಸರು ಆರಿ, ಶೇಂಗಾದ ಸುಳಿಯಲ್ಲಿ ಹಸಿರು ಮತ್ತೆ ಕಾಣತೊಡಗಿತ್ತು. ನಾಲ್ಕನೆಯ ಒಂದು ಭಾಗ ಹೋಗಿತ್ತು, ಉಳಿದದ್ದು ಹೂವಿಗೆ ಬಂದಿತ್ತು. ಹನ್ನೊಂದನೆಯ ದಿನ ಮುಂಜಾನೆ ನಾನು ನೀರಿನ ಬಾಯಿಯ ಹತ್ತಿರ ನಿಂತಿದ್ದೆ. ಕರೆಮ್ಮ ತನ್ನ ಬದುವಿನ ಮೇಲೆ ಸಲಿಕೆ ಹಿಡಿದು ಕೂತಿದ್ದಳು. ಮಾಸ್ತರರು ಗಡಿಯಾರ ಬಗಲಲ್ಲಿಟ್ಟುಕೊಂಡು ಬಂದರು. ಅವರ ಮುಖದಲ್ಲಿ ಹಳೆಯ ಕಳೆ ಮರಳಿತ್ತು. ನಿನ್ನೆಯೆಲ್ಲ ಕೂತು ಹೊಸ ಸಂಖ್ಯೆ ನೋಡಿದ್ದರಂತೆ. ಹನ್ನೊಂದು ದಿನದ ನಿಮಿಷ ಹದಿನೈದು ಸಾವಿರದ ಎಂಟುನೂರ ನಲವತ್ತು. ಅದಕ್ಕೂ ಭಾಜಕಗಳು ಸರಿಯಾಗಿ ಎಪ್ಪತ್ತೆರಡು, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಹನ್ನೆರಡರವರೆಗೆ ನೋಡಿದರೆ ಏಳರಿಂದ ಮಾತ್ರ ಹೋಗುವುದಿಲ್ಲ, ಆರು ಉಳಿಯುತ್ತದೆ. ಅದಕ್ಕೇ ನಾವು ಯಾವತ್ತೂ ಏಳು ಮಂದಿಗೆ ಇಳಿಯಬಾರದು ಎಂದು ನನಗೆ ಎಚ್ಚರಿಕೆ ಕೊಟ್ಟರು.

ಕೊಳ್ಳೂರ ಕಡೆಯ ಗುಡ್ಡದ ಮೇಲೆ ಹೊತ್ತು ಮೂಡಿತು. ನಾನು ಸಲಿಕೆ ಎತ್ತಿದೆ. ಮಾಸ್ತರರು ಗಡಿಯಾರ ನೋಡಿ, ಇನ್ನೂ ಆರು ನಿಮಿಷ ನಿನ್ನದಿದೆ ಸಾಬಣ್ಣ, ಅವಸರ ಮಾಡಬೇಡ ಎಂದರು. ಊರ ಕಡೆಯಿಂದ ಮಕ್ತುಂಬಿಯ ರೇಡಿಯೋದಲ್ಲಿ ಆಗಲೇ ವಾರ್ತೆ ಕೇಳುತ್ತಿತ್ತು. ನಾನು ಮಣ್ಣು ಹಾಕಿ ನನ್ನ ಹೊಲದ ಬಾಯಿ ಮುಚ್ಚಿದೆ. ನೀರು ಒಂದು ಗಳಿಗೆ ಅಲ್ಲೇ ತಿರುಗಿ, ತುದಿಯ ಕಡೆ ಹೊರಟಿತು.

ಮಾಸ್ತರರಿಗೆ ಒಂದು ಅನುಮಾನ ಉಳಿದಿತ್ತು. ಹೊಲಗಾಲುವೆಯೊಳಗೇ ಇಳಿದು ನಡೆಯುತ್ತ ಹೋಗಿ ಕರೆಮ್ಮನ ಮುಂದೆ ನಿಂತರು.

"ನಾಳಿ ಹನ್ನೆರಡನೇದವ್ರು ಬಂದ್ರ?"

"ಹನ್ನೆರಡು ದಿನ್ರಿ."

"ಹದಿಮೂರು ಮಂದಿ ಆದ್ರ?"

ಕರೆಮ್ಮ ಎದ್ದು ಸೀರೆ ಎತ್ತಿ ಕಟ್ಟಿದಳು. ಮಾಸ್ತರರ ಕಾಲ ಹಿಂದೆ ನೀರಿನ ಮುಂದಲೆ ಒಣ ಎಲೆಗಳನ್ನು ನೂಕಿಕೊಂಡು ಬರುತ್ತಿತ್ತು.

"ಮಾಸ್ತರ, ಆ ಕಡಿ ಸರೀರಿ," ಎಂದಳು. "ನನ್ನ ನೀರು ಬರಾಕತ್ತದ."

ಮಾಸ್ತರರು ಗಡಿಯಾರವನ್ನು ಎದೆಗವಚಿಕೊಂಡು ಬದುವಿನ ಮೇಲೆ ಸರಿದು ನಿಂತರು.